ಹದಿನೆಂಟು ಗೀರಿನ ಮುಚ್ಚಳ

ಗಾಜಿನ ಬಟ್ಟಲಿನ ತಳದಲ್ಲಿ ನೀರಿರಲಿಲ್ಲ.

ಟ್ರಾಕ್ಟರಿನ ಟ್ಯಾಂಕಿನಿಂದ ಇಳಿದ ಸೀಮೆಎಣ್ಣೆ ಎಂಜಿನ್ನಿಗೆ ಹೋಗುವ ಮೊದಲು ಒಂದು ಗಳಿಗೆ ನಿಂತು ತನ್ನ ಕಸ ಕಳೆದುಕೊಳ್ಳುವ ಬಟ್ಟಲು ಅದು. ಗಾಡಿ ರಿಪೇರಿಗೆ ಬಂದ ಮೇಸ್ತ್ರಿ ಗಾದಿಲಿಂಗಪ್ಪ, ಅಂದರೆ ನಾನು, ಅದನ್ನು ಬಿಚ್ಚಿ ಬಿಸಿಲಿಗೆ ಎತ್ತಿ ಹಿಡಿದೆ. ಗದ್ದೆಯಲ್ಲಿದ್ದ ನಾಲ್ಕು ನೂರು ಜನ ಉಸಿರು ಬಿಗಿಹಿಡಿದು ನೋಡಿದರು. ಹದಿನಾಲ್ಕೇ ಜನ ಇದ್ದರು ಎನ್ನುವವರೂ ಇದ್ದಾರೆ. ಅವರಿಗೆ ಎಣಿಸಲು ಬರುವುದಿಲ್ಲ.

"ಗಾಳೆವ್ವ, ನೀವ ನೋಡ್ರಿ," ಎಂದೆ. "ಚಿಮಣಿ ಎಣ್ಣಿಯೊಳಗ ನೀರು ಬೆರಸಿದ್ರ ನೀರು ತಳಕ್ಕ ಕುಂದರತೈತಿ, ಎಣ್ಣಿ ಮ್ಯಾಲ ನಿಂದರತೈತಿ. ನಡುವ ಗೆರಿ ಕಾಣತೈತಿ. ಐತೇನು ಗೆರಿ?"

ಹೊಲದೊಡತಿ ಗಾಳೆಮ್ಮ ಬದುವಿನ ಮೇಲೆ ಛತ್ರಿ ಬಿಚ್ಚಿಕೊಂಡು ಕೂತಿದ್ದಳು. ಕಣ್ಣು ಕಿರಿದು ಮಾಡಿ ನೋಡಿದಳು.

"ಗೆರಿ ಇಲ್ಲ, ಖರೆ. ಗೆರಿ ಇಲ್ಲಂದ್ರ ನನ್ನ ಗದ್ದಿ ಕೆಸರಾಗತೈತೇನು?"

ಆಕೆಯ ಮಾತಿನಲ್ಲಿ ತಪ್ಪಿಲ್ಲ. ಕಾಲುವೆಯ ನೀರು ಈ ಮಡಿಗಳಿಗೆ ಬರುವುದು ಸರದಿಯ ಮೇಲೆ, ಮೂರೇ ದಿನ. ಇದು ಮೂರನೆಯ ದಿನ. ಹನ್ನೆರಡು ಎಕರೆಯಲ್ಲಿ ಕೆಸರು ಹೊಡೆದದ್ದು ಐದು. ಕಿತ್ತಿಟ್ಟ ಭತ್ತದ ಸಸಿ ಕಟ್ಟುಗಟ್ಟಲೆ ಬಿದ್ದಿತ್ತು. ನಾಟಿಯ ಹೆಣ್ಣುಮಕ್ಕಳು ಸೀರೆ ಎತ್ತಿ ಕಟ್ಟಿ, ಕೆಲಸವಿಲ್ಲದೆ ಬದುವಿನಲ್ಲಿ ಸಾಲಾಗಿ ಕೂತಿದ್ದರು.

ಅದಕ್ಕಿಂತ ದೊಡ್ಡ ಪ್ರಶ್ನೆ ಟ್ರಾಕ್ಟರಿನ ಪಕ್ಕದಲ್ಲಿ ನಿಂತಿತ್ತು. ಅದರ ಹೆಸರು ಹುಸೇನಪ್ಪ. ಗಾಡಿಯ ಡ್ರೈವರ್. ಎಣ್ಣೆ ಕದ್ದು ಟ್ಯಾಂಕಿಗೆ ನೀರು ಬೆರೆಸುತ್ತಾನೆಂಬ ಆರೋಪ ಅವನ ಮೇಲಿತ್ತು. ಎಂಜಿನ್ ತಿರುವಿ ಎಬ್ಬಿಸುವ ಕಬ್ಬಿಣದ ಹ್ಯಾಂಡಲ್ಲನ್ನು ಕೂಸಿನ ಹಾಗೆ ಹೆಗಲಿಗೆ ಒರಗಿಸಿಕೊಂಡಿದ್ದ. ಬುತ್ತಿಯ ಗಂಟು ಬಿಚ್ಚುವ ಹೊತ್ತಿಗೆ ಗಾಡಿ ಸರಿಹೋಗದಿದ್ದರೆ ಆ ಹ್ಯಾಂಡಲ್ ಕಸಿದುಕೊಂಡು ಅವನನ್ನು ಪೊಲೀಸ್ ಠಾಣೆಗೆ ಒಪ್ಪಿಸುವುದೆಂದು ತೀರ್ಮಾನವಾಗಿತ್ತು.

ತೀರ್ಮಾನ ಮಾಡಿದವನು ತಿರುಪತಿ. ಗಾಳೆಮ್ಮನ ಅಣ್ಣನ ಮಗ. ಹೊಲಮನೆಯ ಉಸ್ತುವಾರಿಯೆಲ್ಲ ಅವನದೇ.

"ಅತ್ತಿ, ನೀರು ಇವತ್ತ ಬೆರಸಿಲ್ಲ ಅಷ್ಟ," ಎಂದ ತಿರುಪತಿ. "ಮೇಸ್ತ್ರಿ ಬರತಾನಂತ ಗೊತ್ತಿತ್ತು. ಎಣ್ಣಿ ಕದಿಯೋದು ಇವರ ಮನಿತನದಾಗ ಐತಿ. ಅಣ್ಣ ಇಡೀ ಗಾಡೀನ ಕದ್ದ. ತಮ್ಮ ಕೊಡಾ ಕೊಡಾ ಕದೀತಾನ."

ಹುಸೇನಪ್ಪ ಹ್ಯಾಂಡಲ್ಲನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದ. ಆ ಮಾತನ್ನು ಅವನು ಎಂಟು ವರ್ಷಗಳಿಂದ ಕೇಳುತ್ತ ಬಂದಿದ್ದ.

ಅಣೆಕಟ್ಟು ಕಟ್ಟುವ ಕಾಲದಲ್ಲಿ ಈ ಸೀಮೆಗೆ ಬಂದ ಜೋಡಿ ಟ್ರಾಕ್ಟರುಗಳವು. ಪೆಟ್ರೋಲಿನಲ್ಲಿ ಎದ್ದು ಸೀಮೆಎಣ್ಣೆಯಲ್ಲಿ ಓಡುವ ಮುದಿ ಗಾಡಿಗಳು. ಗಾಳೆಮ್ಮನ ಗಂಡ ಎರಡನ್ನೂ ಹರಾಜಿನಲ್ಲಿ ಹಿಡಿದಿದ್ದರು. ಒಂದನ್ನು ಹುಸೇನಪ್ಪ ಓಡಿಸುತ್ತಿದ್ದ, ಇನ್ನೊಂದನ್ನು ಅವನ ಅಣ್ಣ ಮುದಿಯಪ್ಪ. ಎಪ್ಪತ್ಮೂರರ ದೀಪಾವಳಿ ಮುಗಿದ ವಾರ ಮುದಿಯಪ್ಪನೂ ಕಾಣೆ, ಅವನ ಟ್ರಾಕ್ಟರೂ ಕಾಣೆ. ಕದ್ದು ಮಾರಿಕೊಂಡು ಓಡಿಹೋದ ಎಂದು ಊರು ಹೇಳಿತು. ಇದು ಎಂಬತ್ತೊಂದು. ಊರು ಇನ್ನೂ ಹೇಳುತ್ತಲೇ ಇದೆ.

ಆ ಜೋಡಿಯ ಸದ್ದು ನನಗೆ ಎಷ್ಟು ಪರಿಚಯ ಎನ್ನುವುದನ್ನು ಹೇಳಬೇಕು. ಮೂರು ಬಡಿತ, ಒಂದು ಬಿಕ್ಕಳಿಕೆ. ಮತ್ತೆ ಮೂರು ಬಡಿತ, ಒಂದು ಬಿಕ್ಕಳಿಕೆ. ಜಗತ್ತಿನಲ್ಲಿ ಬೇರೆ ಯಾವ ಎಂಜಿನ್ನೂ ಹೀಗೆ ಬಿಕ್ಕುವುದಿಲ್ಲ. ಕೊಪ್ಪಳದ ಗುಡ್ಡದಾಚೆ ಟ್ರಾಕ್ಟರ್ ಕೆಮ್ಮಿದರೆ ಗಂಗಾವತಿಯಲ್ಲಿ ಮಲಗಿದ್ದ ನಾನು ಎದ್ದು ಕೂತು, ಯಾವ ಪ್ಲಗ್ಗು ಕೆಟ್ಟಿದೆ, ಡ್ರೈವರ್ ಬೆಳಿಗ್ಗೆ ಏನು ತಿಂದಿದ್ದಾನೆ, ಎರಡನ್ನೂ ಹೇಳುತ್ತೇನೆ. ಇದನ್ನು ಯಾರೂ ನಂಬುವುದಿಲ್ಲ. ನನ್ನ ಹೆಂಡತಿಯಂತೂ ಈ ಮಾತು ಬಂದಾಗಲೆಲ್ಲ ಎದ್ದು ಒಳಗೆ ಹೋಗುತ್ತಾಳೆ.

ಈಗ ರೋಗದ ವಿಷಯ. ಗಾಡಿ ಬೆಳಿಗ್ಗೆ ಎದ್ದಾಗ ಚೆನ್ನಾಗಿಯೇ ಇರುತ್ತಿತ್ತು. ಅರ್ಧ ಗಂಟೆ ಓಡಿದ ಮೇಲೆ ಮಂಕು ಹಿಡಿಯುತ್ತಿತ್ತು. ಸ್ಟೇರಿಂಗಿನ ಪಕ್ಕದ ರೇಸಿನ ಹಿಡಿಯನ್ನು ಪೂರ್ತಿ ಎಳೆದರೂ ಎಂಜಿನ್ ಏಳುತ್ತಿರಲಿಲ್ಲ. ಹೊಸಪೇಟೆಗೆ ನಡೆದುಕೊಂಡು ಹೋಗಿ, ಏಳಲೋ ಬೇಡವೋ ಎಂದು ಯಾರನ್ನೋ ಕೇಳಿಕೊಂಡು ಬಂದು, ಆಮೇಲೆ ಒಂದಿಷ್ಟು ಗುರುಗುಟ್ಟುತ್ತಿತ್ತು.

ನಿನ್ನೆ ನಾನು ಕಾರ್ಬೊರೇಟರನ್ನು ಅಪರಾಧಿ ಎಂದು ಹಿಡಿದು, ಕಳಚಿ, ತೊಳೆದು, ಸೂಜಿಯಿಂದ ಚುಚ್ಚಿ, ಕೊನೆಗೆ ನಿರಪರಾಧಿ ಎಂದು ಬಿಟ್ಟುಕೊಟ್ಟಿದ್ದೆ. ಅದು ನನ್ನ ತಪ್ಪಲ್ಲ. ಆ ಕಾರ್ಬೊರೇಟರಿನ ಮುಖವೇ ಕಳ್ಳನ ಹಾಗಿತ್ತು. ಗಾಳಿ ಸೋಸುವ ಡಬ್ಬಿಯ ಎಣ್ಣೆ ಬದಲಾಯಿಸಿದ್ದೆ. ಎಂಜಿನ್ನಿನ ವೇಗವನ್ನು ಹದದಲ್ಲಿಡುವ ಗವರ್ನರಿನ ಸರಳುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದ್ದೆ. ಬಿಗಿಯೂ ಇರಲಿಲ್ಲ, ಸಡಿಲವೂ ಇರಲಿಲ್ಲ. ಈಗ ಬಟ್ಟಲೂ ಬಿಡುಗಡೆಯಾಯಿತು.

ಬಟ್ಟಲನ್ನು ಮತ್ತೆ ಕೂರಿಸಿ ಕೈ ಒರೆಸಿಕೊಂಡೆ.

"ತಿರುಪತಿ ಅವ್ರ, ಹುಸೇನಪ್ಪ ಎಣ್ಣಿ ಕದ್ದದ್ದು ನೀವು ಕಂಡೀರೇನು?"

"ಕಣ್ಣಾರೆ ಕಂಡೀನಿ. ಬನ್ನಿಗಿಡದ ಹಿಂದ ನಿಂತು ನೋಡೀನಿ. ದಿನಕ್ಕ ನಾಕು ಸಲ, ಐದು ಸಲ ಗಾಡಿ ನಿಂದರಸ್ತಾನ. ಆ ಕಡೆ ಈ ಕಡೆ ನೋಡ್ತಾನ. ಟ್ಯಾಂಕಿನ ಮುಚ್ಚಳ ತಗೀತಾನ. ಎಣ್ಣಿ ಕದಿಯೋದಲ್ಲಂದ್ರ ಒಳಗ ಇಣಿಕಿ ಮುಖ ನೋಡ್ಕೋತಾನೇನು?"

"ಮುಚ್ಚಳ ತಗದು ಹಾಕಿದ ಮ್ಯಾಲ ಗಾಡಿ ಹೆಂಗ ಓಡತಿತ್ತು?"

ತಿರುಪತಿ ನೆನಪಿಸಿಕೊಂಡ. ಪಾಪ, ಆ ಒಂದು ಗಳಿಗೆ ಅವನು ಸತ್ಯವನ್ನೇ ಹೇಳಿದ.

"ಸ್ವಲ್ಪ ಹೊತ್ತು ಛಲೋ ಓಡತಿತ್ತು."

"ಎಣ್ಣಿ ಕದ್ದ ಮ್ಯಾಲ ಛಲೋ ಓಡೋ ಗಾಡಿ ನಾ ಎಲ್ಲೂ ನೋಡಿಲ್ಲ ಬಿಡ್ರಿ."

ನಾಟಿಯ ಹೆಣ್ಣುಮಕ್ಕಳಲ್ಲಿ ಹಿರಿಯಳಾದ ಹುಲಗೆಮ್ಮ ಸೆರಗಿನಲ್ಲಿ ನಕ್ಕಳು. ತಿರುಪತಿಯ ಕಿವಿ ಕೆಂಪಾಯಿತು.

"ಹುಸೇನಪ್ಪ, ಹ್ಯಾಂಡಲ್ ಗಾಳೆವ್ವನ ಕೈಯಾಗ ಕೊಡು. ನೀ ಅಲ್ಲೆ ದೂರ, ಕಾಲುವಿ ದಂಡಿಮ್ಯಾಲ, ಕೈ ಕಟ್ಟಿ ನಿಂದರು. ತಿರುಪತಿ ಅವ್ರ, ಇವತ್ತ ಗಾಡಿ ನೀವ ಹತ್ತಿರಿ."

"ನಾ ಯಾಕ?"

"ನೀವು ಕಳ್ಳರಲ್ಲಲ್ಲ, ಅದಕ್ಕ."

ಎಲ್ಲರ ಎದುರು ಇಲ್ಲ ಎನ್ನುವ ಹಾಗಿರಲಿಲ್ಲ. ಟ್ಯಾಂಕನ್ನು ಬಾಯಿತನಕ ತುಂಬಿಸಿ ನಾನೇ ಮುಚ್ಚಳ ಬಿಗಿದೆ. ಎಂಜಿನ್ ಎಬ್ಬಿಸಿದೆ. ತಿರುಪತಿ ಧೋತರ ಎತ್ತಿಕೊಂಡು ಸೀಟು ಏರಿದ.

ಗಾಡಿ ಕೆಸರಿಗಿಳಿಯಿತು. ಅದು ಎಂಥ ನೋಟವೆಂದು ಬಲ್ಲವರೇ ಬಲ್ಲರು. ಕಿನ್ನಾಳದ ಚಿತ್ರಗಾರ ಲಕ್ಷ್ಮಣಪ್ಪ ಗಾಳೆಮ್ಮನ ಮೊಮ್ಮಗಳಿಗೆ ತೊಟ್ಟಿಲು ಮಾಡಿಕೊಡಲು ಬಂದವನು, ತೊಟ್ಟಿಲು ಮುಗಿದ ಮೇಲೆ ಉಳಿದ ಬಣ್ಣವನ್ನೆಲ್ಲ ಟ್ರಾಕ್ಟರಿಗೆ ಬಳಿದಿದ್ದ. ಮಡ್‌ಗಾರ್ಡಿನ ಮೇಲೆ ಗಿಣಿಗಳು, ಮೂತಿಯ ಮೇಲೆ ಗರುಡ, ಟ್ಯಾಂಕಿನ ಮುಚ್ಚಳದ ಮೇಲೆ ಚಿನ್ನದ ಬಣ್ಣದ ತಾವರೆ. ಒಂದು ಗಿಣಿಗೆ ಕಣ್ಣು ಬರೆಯುವುದು ಬಾಕಿ ಉಳಿದಿತ್ತೆಂದು ಅವನು ಆ ದಿನವೂ ಕುಂಚ ಹಿಡಿದು ಬದುವಿನ ಮೇಲೆ ಕಾಯುತ್ತಿದ್ದ. ಅಂಥ ಬಣ್ಣದ ಟ್ರಾಕ್ಟರ್ ದಿಲ್ಲಿಯಲ್ಲೂ ಇಲ್ಲ, ಲಂಡನ್ನಿನಲ್ಲೂ ಇಲ್ಲ. ನಾನು ಎರಡೂ ಊರು ನೋಡಿಲ್ಲ, ಆದರೂ ಇಲ್ಲ.

ಹತ್ತು ನಿಮಿಷ. ಗಾಡಿ ಕುದುರೆಯಂತೆ ಓಡಿತು. ತಿರುಪತಿ ನಮ್ಮ ಕಡೆ ನೋಡಿ ನಕ್ಕ.

ಇಪ್ಪತ್ತು ನಿಮಿಷ. ಇನ್ನೂ ನಗುತ್ತಿದ್ದ.

ಮೂವತ್ತು ದಾಟಿದ ಮೇಲೆ, ಮಡಿಯ ಮೂಲೆಯಲ್ಲಿ ತಿರುಗಿಸುವಾಗ, ಎಂಜಿನ್ ಸಣ್ಣಗೆ ನಿಟ್ಟುಸಿರಿಟ್ಟಿತು. ತಿರುಪತಿ ರೇಸಿನ ಹಿಡಿ ಎಳೆದ. ಎಂಜಿನ್ ಯೋಚಿಸಿತು. ಇನ್ನಷ್ಟು ಎಳೆದ. ಇನ್ನಷ್ಟು ಯೋಚಿಸಿತು. ಹುಸೇನಪ್ಪ ನೂರು ಮಾರು ದೂರದಲ್ಲಿ ಕೈ ಕಟ್ಟಿ ನಿಂತಿದ್ದ.

"ಈಗ ಯಾರು ಕದ್ರು?" ಎಂದು ಹುಲಗೆಮ್ಮ ಕೇಳಿದಳು. "ಕಪ್ಪಿ ಕದ್ದೂವೇನು?"

ನಾನು ಮೊಣಕಾಲುದ್ದ ಕೆಸರಿನಲ್ಲಿ ನಡೆದು ಹೋಗಿ, "ಬಂದ್ ಮಾಡಬ್ಯಾಡ್ರಿ, ಹಂಗ ಇರಲಿ," ಎಂದು ಹೇಳಿ, ಕಿವಿಯನ್ನು ಟ್ಯಾಂಕಿನ ಮುಚ್ಚಳಕ್ಕೆ ಹಚ್ಚಿದೆ. ನಂತರ ಮೆಲ್ಲಗೆ, ಬಹಳ ಮೆಲ್ಲಗೆ, ಮುಚ್ಚಳವನ್ನು ಅರ್ಧ ಸುತ್ತು ತಿರುವಿದೆ.

ಉಸ್ ಎಂದಿತು.

ಗಾಳಿ ಹೊರಗೆ ಬರಲಿಲ್ಲ, ಒಳಗೆ ಹೋಯಿತು. ಮುಚ್ಚಳದ ಮೇಲೆ ಹಾಕಿದ್ದ ನನ್ನ ಕರವಸ್ತ್ರದ ತುದಿಯನ್ನು ಸಂದಿಯೊಳಗೆ ಎಳೆದುಕೊಂಡಿತು. ಅಷ್ಟೊತ್ತು ಯಾರೋ ಮೂಗುಬಾಯಿ ಮುಚ್ಚಿ ಹಿಡಿದು ಈಗ ಬಿಟ್ಟಂತೆ ಗಾಡಿ ಎರಡು ಸಲ ಗುಟುಕರಿಸಿ, ಮೂರನೆಯದಕ್ಕೆ ಒಮ್ಮೆಲೇ ಗರ್ಜಿಸಿತು. ಆನೆಗೊಂದಿಯ ಗುಡ್ಡದ ಬಂಡೆಗಳು ಒಂದಿಂಚು ಜರುಗಿದವು.

"ಹುಸೇನಪ್ಪ," ಎಂದು ಕೂಗಿದೆ, "ಇದು ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ ಮೇಸ್ತ್ರಿ. ಮುಚ್ಚಳ ತಗದ್ರ ಜೀವ ಬರತಿತ್ತು. ಯಾಕಂತ ಗೊತ್ತಿರಲಿಲ್ಲ."

"ಹೇಳಬೇಕಿತ್ತಲ್ಲ."

"ಯಾರಿಗಿ ಹೇಳ್ಲಿ? ಮುಚ್ಚಳ ಮುಟ್ಟತೀನಂತ ನಾನ ಒಪ್ಕೊಂಡಂಗ ಆಕ್ಕಿತ್ತು."

ಗಾಳೆಮ್ಮ ಛತ್ರಿ ಮಡಚಿದಳು.

ಮುಚ್ಚಳವನ್ನು ಪೂರ್ತಿ ಬಿಚ್ಚಿಕೊಂಡು ಬದುವಿಗೆ ಬಂದೆ. ಎಂಜಿನ್ ಹಿಂದೆ ಬಡಿಯುತ್ತಲೇ ಇತ್ತು, ತಿರುಪತಿ ಸೀಟಿನ ಮೇಲೆ ಕೂತೇ ಇದ್ದ. ಇಂಥ ಮುಚ್ಚಳದ ನಡುವೆ ಒಂದು ಸಣ್ಣ ತೂತು ಇರಬೇಕು, ಸಾಸಿವೆ ಕಾಳಿನಷ್ಟು. ಎಣ್ಣೆ ಇಳಿದಂತೆ ಆ ತೂತಿನಿಂದ ಗಾಳಿ ಒಳಗೆ ಬರುತ್ತದೆ. ಬರದಿದ್ದರೆ ಎಣ್ಣೆ ಟ್ಯಾಂಕಿನೊಳಗೇ ನಿಂತುಬಿಡುತ್ತದೆ, ಎಂಜಿನ್ನು ಬಾಯಾರುತ್ತದೆ. ನಾನು ತಾವರೆಯ ನಡುವೆ ಉಗುರಿನಿಂದ ಕೆರೆದೆ. ತೂತು ಇರಬೇಕಾದ ಜಾಗದಲ್ಲಿ ಬಿಳಿಯ, ಗಟ್ಟಿಯಾದ ಏನೋ ಇತ್ತು.

"ಲಕ್ಷ್ಮಣಪ್ಪ, ಇಲ್ಲಿ ಬಾರಪ."

ಚಿತ್ರಗಾರ ಬಂದ. ನೋಡಿದ. ಮುಖ ಬಣ್ಣ ಕಳೆದುಕೊಂಡಿತು.

"ಇದು ಕಿಟ್ಟ ರೀ. ಗೊಂಬಿ ಸಂದಿ ತುಂಬೋದು. ಹುಣಸಿಬೀಜದ ಅಂಟು, ಮರದ ಪುಡಿ."

"ಮುಚ್ಚಳದ ತೂತಿಗ್ಯಾಕ ತುಂಬಿದಿ?"

"ತೂತು ಇತ್ತಲ್ರಿ." ಇದಕ್ಕಿಂತ ದೊಡ್ಡ ಕಾರಣ ಬೇಕೇ ಎನ್ನುವಂತೆ ನನ್ನನ್ನು ನೋಡಿದ. "ಏಳು ವರ್ಷದವ ಇದ್ದಾಗಿಂದ ನಮ್ಮಪ್ಪ ಅದನ್ನ ಕಲಿಸ್ಯಾನ. ಬಣ್ಣಕ್ಕ ಮೊದಲ ತೂತು ಹುಡುಕು, ತುಂಬು, ಒಣಗಿಸು, ತಿಕ್ಕು. ತೂತಿನ ಮ್ಯಾಲ ಬಣ್ಣ ಹಾಕಿದ್ರ ಮೊಣಕೈ ಮ್ಯಾಲ ಹೊಡೀತಿದ್ದ. ಅದನ್ನ ಯಾರೋ ಬೇಕಂತ ಕೊರದಾರಂತ ನನಗೇನು ಗೊತ್ರಿ?"

ಮೊದಲು ನಕ್ಕವಳು ಗಾಳೆಮ್ಮ. ಆಮೇಲೆ ಹದಿನಾಲ್ಕು ಜನರೂ ನಕ್ಕರು. ನಾಲ್ಕು ನೂರು ಎನ್ನಿ. ಕೊನೆಗೆ ಲಕ್ಷ್ಮಣಪ್ಪನೂ ನಕ್ಕ. ಗಾಳೆಮ್ಮ ಎದ್ದು ಕಾಲುವೆಯ ದಂಡೆಯತನಕ ನಡೆದು ಹೋಗಿ ಹ್ಯಾಂಡಲ್ಲನ್ನು ಹುಸೇನಪ್ಪನ ಕೈಗಿಟ್ಟಳು.

"ತಗೋ. ನೀ ಹತ್ತು ಗಾಡಿ. ನಿನ್ನ ಕಳ್ಳ ಅಂದದ್ದು ನಮ್ಮ ಬಾಯಿ, ತಪ್ಪು ನಮ್ಮದು."

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಬೇರೆ ಯಾವ ಮೇಸ್ತ್ರಿಯಾಗಿದ್ದರೂ ಮುಗಿಸುತ್ತಿದ್ದ. ಆದರೆ ನನಗೆ ಒಂದು ಚಟ. ಬಿಚ್ಚಿದ್ದನ್ನು ತೊಳೆಯದೆ ಕೂರಿಸುವುದಿಲ್ಲ. ಸೂಜಿಯಿಂದ ಕಿಟ್ಟ ತೆಗೆದು, ಮುಚ್ಚಳವನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿದೆ. ತಾವರೆ ಕರಗಿತು. ಕೆಳಗೆ ಹಿತ್ತಾಳೆ ಹೊಳೆಯಿತು. ಅದರ ಅಂಚಿಗೆ, ಸುತ್ತಲೂ, ಅರದಿಂದ ಹಾಕಿದ ಸಣ್ಣ ಸಣ್ಣ ಗೀರುಗಳು.

"ಹಿತ್ತಾಳಿ?" ಎಂದಳು ಗಾಳೆಮ್ಮ, ವಾಪಸು ಬಂದವಳು. "ನಮ್ಮ ಗಾಡಿ ಮುಚ್ಚಳ ಕಬ್ಬಿಣದ್ದಲ್ಲೇನು?"

ಜೊತೆಗೆ ಬಂದಿದ್ದ ಹುಸೇನಪ್ಪ ಮುಚ್ಚಳವನ್ನು ನನ್ನ ಕೈಯಿಂದ ತೆಗೆದುಕೊಂಡ. ಹೆಬ್ಬೆರಳನ್ನು ಅಂಚಿನ ಮೇಲೆ ಆಡಿಸಿದ.

"ಇದು ನಮ್ಮಣ್ಣನ ಗಾಡಿದು."

"ಯಾವ ಗುರುತಿನ ಮ್ಯಾಲ ಹೇಳ್ತಿ?"

"ವರ್ಷಾ ಕೆಸರು ಹೊಡದು ಮುಗಿಸಿದ ದಿನ ಅಣ್ಣ ಒಂದು ಗೀರು ಹಾಕತಿದ್ದ. ಒಂದ. ಮನಿಮಂದಿಗೂ ಗೊತ್ತಿರಲಿಲ್ಲ, ನಾ ಬಾಜೂಕ ಕುಂತು ಅರ ಹಿಡಕೊಡತಿದ್ದೆ. ಅಂವ ಹೋಗೋ ಮುಂದ ಹನ್ನೊಂದು ಇದ್ದೂವು."

ಅವನು ಎಣಿಸಿದ. ನಾನೂ ಎಣಿಸಿದೆ. ಗಾಳೆಮ್ಮನೂ ತುಟಿ ಅಲ್ಲಾಡಿಸಿ ಎಣಿಸಿದಳು.

ಹದಿನೆಂಟು.

ಎಪ್ಪತ್ನಾಲ್ಕರಿಂದ ಎಂಬತ್ತರತನಕ, ವರ್ಷಕ್ಕೊಂದು. ಗಾಡಿ ಮಾರಿಕೊಂಡು ಓಡಿಹೋದವನು ಅದರ ಮುಚ್ಚಳಕ್ಕೆ ಏಳು ವರ್ಷ ಗೀರು ಹಾಕುತ್ತ ಕೂರುವುದಿಲ್ಲ. ಮುದಿಯಪ್ಪ ಬದುಕಿದ್ದ. ಹೋದ ವರ್ಷದವರೆಗೂ ಎಲ್ಲೋ, ಯಾರದೋ ಗದ್ದೆಯಲ್ಲಿ, ಅದೇ ಟ್ರಾಕ್ಟರಿನ ಮೇಲೆ ಕೂತು ಕೆಸರು ಹೊಡೆಯುತ್ತಿದ್ದ.

"ಲಕ್ಷ್ಮಣಪ್ಪ," ಎಂದೆ, "ಈ ಮುಚ್ಚಳ ನಿನಗ ಯಾರು ಕೊಟ್ರು?"

"ಹಳೇದು ತುಕ್ಕು ಹಿಡದಿತ್ರಿ, ಬಣ್ಣ ಕುಂದರತಿರಲಿಲ್ಲ. ಬ್ಯಾರೇದು ಕೊಡ್ರಿ ಅಂದೆ. ಮರುದಿನ ತಂದುಕೊಟ್ರು. ಬಾಳಿ ನಾರಿನ ಹುರಿಯಾಗ ಕಟ್ಟಿದ್ರು."

"ಯಾರು?"

ಅವನು ಕುಂಚವನ್ನು ಗದ್ದೆಯ ಕಡೆಗೆ ಚಾಚಿದ.

ಎಲ್ಲರೂ ತಿರುಗಿದೆವು. ತಿರುಪತಿ ಟ್ರಾಕ್ಟರಿನ ಮೇಲೆ, ನಾನೇ ಕೂರಿಸಿದ ಜಾಗದಲ್ಲಿ ಕೂತಿದ್ದ. ಎಂಜಿನ್ ಸದ್ದಿನ ನಡುವೆಯೂ ಅವನಿಗೆ ನಮ್ಮ ಮುಖಗಳು ಅರ್ಥವಾಗಿದ್ದವು.

"ಹೊಸಪೇಟಿ ಗುಜರಿಯಾಗ ತಂದೆ ಅತ್ತಿ," ಎಂದು ಕೂಗಿದ.

"ಗುಜರಿ ಅಂಗಡಿಯವ ಬಾಳಿ ನಾರಿನಾಗ ಕಟ್ಟಿಕೊಟ್ನೇನು?" ಎಂದು ನಾನು ಕೂಗಿದೆ. "ಬಾಳಿ ನಾರು ಹೊಸೆಯೋರು ಆನೆಗೊಂದಿ ಕಡೆಯವರು. ಇಳೀರಿ ಕೆಳಗ, ಸ್ವಲ್ಪ ಮಾತಾಡೂಣು."

"ಲೇ ತಿರುಪತಿ," ಎಂದಳು ಗಾಳೆಮ್ಮ. ಆಕೆ ಕೂಗಲಿಲ್ಲ. "ನನ್ನ ಇನ್ನೊಂದು ಗಾಡೀನ, ಮುದಿಯಪ್ಪನ್ನ ಎಲ್ಲಿ ಬಚ್ಚಿಟ್ಟಿದಿ?"

ತಿರುಪತಿ ಇಳಿಯಲಿಲ್ಲ. ರೇಸಿನ ಹಿಡಿ ಎಳೆದ.

ಇಲ್ಲಿ ನನ್ನ ಕೆಲಸದ ಗುಣವನ್ನು ನಾನೇ ಹೊಗಳಬೇಕಾಗಿದೆ. ತಿಂಗಳಿಂದ ಮಂಕು ಹಿಡಿದಿದ್ದ ಗಾಡಿ, ಹಿಡಿ ಎಳೆಯುವ ಮೊದಲೇ ಎಗರಿತು. ಕೆಸರು ತೆಂಗಿನ ಮರದೆತ್ತರಕ್ಕೆ ಹಾರಿತು. ಒಂದು ಬದು ಒಡೆದು, ಇನ್ನೊಂದು ಬದು ಹತ್ತಿ ಇಳಿದು, ಗಿಣಿ ಗರುಡಗಳನ್ನೆಲ್ಲ ಹೊತ್ತುಕೊಂಡು, ಅದು ಆನೆಗೊಂದಿಯ ಬಂಡೆಗುಡ್ಡದ ಕಡೆಗೆ ಓಡಿತು. ಇಷ್ಟು ಚೆನ್ನಾಗಿ ರಿಪೇರಿ ಮಾಡಿದ್ದಕ್ಕೆ ಜೀವನದಲ್ಲಿ ಅದೊಂದೇ ಸಲ ನನಗೆ ಬೇಸರವಾಯಿತು.

"ಹ್ವಾದ," ಎಂದಳು ಹುಲಗೆಮ್ಮ. "ಇನ್ನ ಹೆಂಗ ಹುಡುಕತೀರಿ?"

ನಾನು ಮುಚ್ಚಳವನ್ನು ಎತ್ತಿ ತೋರಿಸಿದೆ. ಅದು ನಮ್ಮ ಬಳಿ ಇತ್ತು. ಬಾಯಿ ತೆರೆದ ಟ್ಯಾಂಕು ಓಡಿದ ಉದ್ದಕ್ಕೂ ತುಳುಕಿತ್ತು. ಮಡಿಯಿಂದ ಮಡಿಗೆ, ನಿಂತ ನೀರಿನ ಮೇಲೆ, ಸೀಮೆಎಣ್ಣೆ ಏಳು ಬಣ್ಣವಾಗಿ ಹರಡಿ ಹೊಳೆಯುತ್ತಿತ್ತು. ಗುಡ್ಡದತನಕ ದಾರಿ ಬರೆದಿಟ್ಟಂತೆ.

ಹುಸೇನಪ್ಪ ಆಗಲೇ ಆ ಬಣ್ಣದ ಗುಂಟ ನಡೆಯತೊಡಗಿದ್ದ.

"ತಡಿ," ಎಂದೆ. "ಎಲ್ಲರೂ ಸುಮ್ಮನ ಇರ್ರಿ."

ಗಾಡಿ ಬಂಡೆಗಳ ಮರೆಗೆ ಹೋಗಿ ಸದ್ದು ಸಣ್ಣದಾಗಿತ್ತು. ಮೂರು ಬಡಿತ, ಒಂದು ಬಿಕ್ಕಳಿಕೆ. ಮೂರು ಬಡಿತ, ಒಂದು ಬಿಕ್ಕಳಿಕೆ. ಆದರೆ ಆ ಬಿಕ್ಕಳಿಕೆಯ ಬೆನ್ನಿಗೇ ಇನ್ನೊಂದು ಬಿಕ್ಕಳಿಕೆ ಇತ್ತು.

"ಎರಡು ಗಾಡಿ ಅದಾವು," ಎಂದೆ.

"ಮೇಸ್ತ್ರಿ, ಅದು ಬಂಡೆಗಲ್ಲಿಗೆ ಬಡದು ಬರೋ ದನಿ," ಎಂದ ಲಕ್ಷ್ಮಣಪ್ಪ. "ನಿಮ್ಮ ಕಿವಿ ಬಗ್ಗೆ ಗಂಗಾವತಿಗೆಲ್ಲ ಗೊತ್ತೈತಿ ಬಿಡ್ರಿ."

ನಾನು ಉತ್ತರ ಕೊಡುವ ಅಗತ್ಯ ಬೀಳಲಿಲ್ಲ. ಗುಡ್ಡದ ಹಿಂದೆ ತಿರುಪತಿಯ ಎಂಜಿನ್ ಒಮ್ಮೆ ಕೆಮ್ಮಿ ನಿಂತುಹೋಯಿತು.

ಇನ್ನೊಂದು ನಿಲ್ಲಲಿಲ್ಲ.

ಗಾಳೆಮ್ಮ ಕಿವಿಯ ಹಿಂದೆ ಅಂಗೈ ಹಿಡಿದಳು.

"ಗಾದಿಲಿಂಗಪ್ಪ," ಎಂದಳು, "ನನಗೂ ಕೇಳಾಕತ್ತೈತಿ."

ಆಮೇಲೆ ನಾಟಿಯವರ ಕಡೆ ತಿರುಗಿದಳು.

"ಏಳ್ರೇ ಎಲ್ಲಾರೂ. ಸಸಿ ಕಟ್ಟು ಬಿಚ್ಚರಿ. ನನ್ನ ಗದ್ದಿ ಇವತ್ತ ಕೆಸರಾಗತೈತಿ."

ಹುಸೇನಪ್ಪ ಗದ್ದೆಯ ನಡುವೆ ನಿಂತುಬಿಟ್ಟಿದ್ದ. ಒಂದು ಕೈಯಲ್ಲಿ ಹ್ಯಾಂಡಲ್. ಇನ್ನೊಂದು ಕೈಯನ್ನು ಬಿಸಿಲಿಗೆ ಅಡ್ಡ ಹಿಡಿದು ಬಂಡೆಗಳ ಸಂದಿಯನ್ನೇ ನೋಡುತ್ತಿದ್ದ. ಮೂರು ಬಡಿತ, ಒಂದು ಬಿಕ್ಕಳಿಕೆ. ಸದ್ದು ದೂರ ಹೋಗುತ್ತಿರಲಿಲ್ಲ.

ಅದು ನಮ್ಮ ಕಡೆಗೇ ಬರುತ್ತಿತ್ತು.